ಮಾಮಾನ ಪುರಾವೆ, ಅವ್ವನ ಪ್ರಶ್ನೆ

ನಮ್ಮ ಮಾಮಾಗೆ ಏನನ್ನೂ ಮೊದಲೇ ಅಂದುಕೊಳ್ಳದೆ ಇರುವುದಕ್ಕೇ ಸಂಬಳ ಬರುತ್ತಿತ್ತು! ಸುಳ್ಳಲ್ಲ. ಎಂಬತ್ತರ ದಶಕದ ಮಾತು. ಅವ್ವನ ಈ ಒಬ್ಬನೇ ತಮ್ಮ ಡೊಂಬಿವಲಿಯ ನಮ್ಮ ಸಾಲುಮನೆಗಳ ಚಾಳಿನಿಂದ ದಿನಾ ಲೋಕಲ್ ರೈಲು ಹತ್ತಿ ಮುಂಬಯಿಗೆ ಹೋಗಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. "ಅಂಕಿಗಳ ಆಕಾರ ಹಿಂಗ ಅದ ಅಂತ ನಾವು ಮೊದಲ ಹೇಳಬಾರದು, ಅಂಕಿಗಳೇ ಹೇಳಬೇಕು" ಎಂಬುದೇ ಅವನ ಸಂಶೋಧನೆ.

ಇರಲಿ. ಹೆಣ್ಣು ನೋಡಲು ಪಕ್ಕದ ಕಲ್ಯಾಣ್ ಊರಿಗೆ ಹೋದಾಗಲೂ ಅದೇ ರಾಗವೇ?

"ಹುಡುಗಿ ಹೆಂಗಿರಬೇಕ್ರಿ?" ಹುಡುಗಿಯ ಅಪ್ಪ ಕೇಳಿದರು.

"ಮೊದಲ ಏನೂ ಅಂದ್ಕೊಂಡಿಲ್ರಿ. ಇನ್ನೊಂದು ನೂರು ಮಂದೀನ ನೋಡಿ ಹೇಳ್ತೀನಿ!"

ಅವರು ಬಶಿಗೆ ಸುರಿದಿದ್ದ ಚಹಾ ವಾಪಸ್ ಕಪ್ಪಿಗೆ ಸುರಿದರು.

ಒಂದು ಸಂಜೆ ಠಾಣೆ ಊರಿನಿಂದ ಅವನ ಜೊತೆ ಫಾಸ್ಟ್ ಲೋಕಲ್‌ನಲ್ಲಿ ಬರುತ್ತಿದ್ದೆ. ಮುಂಬ್ರಾದ ಸುರಂಗದೊಳಗೆ ಮಾಮಾ ಒಮ್ಮೆಲೇ ಮರಾಠಿಯಲ್ಲಿ ಕಿರುಚಿದ: "ಸಾಪಡ್ಲಾ! ಸಾಪಡ್ಲಾ!" ಸಿಕ್ಕ, ಸಿಕ್ಕ ಅಂತ! ರೈಲಿನ ಡಬ್ಬಿಗೆ ಡಬ್ಬಿಯೇ ಎದ್ದು, ಪಾಪ, ತನ್ನದೇ ಜೇಬಿನಲ್ಲಿ ಕೈಯಿಟ್ಟಿದ್ದ ಒಬ್ಬ ಗೃಹಸ್ಥನ ಕೊರಳಪಟ್ಟಿ ಹಿಡಿಯಿತು.

"ಚೋರ್ ನಾಹೀ! ಪುರಾವಾ, ಪುರಾವಾ!" ಮಾಮಾ ಬಡಬಡಿಸಿದ.

"ಪುರಾವೆಯೂ ಸಿಕ್ಕಿತೇ? ಹಾಗಾದರೆ ನಡಿ ಪೊಲೀಸ್ ಚೌಕಿಗೆ!" ಎಂದಿತು ಜನ.

ಮರಾಠಿಯಲ್ಲಿ ಪುರಾವೆಯೂ ಪುಲ್ಲಿಂಗ; ಸಿಕ್ಕಿದ್ದು ಗಣಿತದ ಪುರಾವೆ, ಮೂರು ವರ್ಷ ಹುಡುಕಿದ್ದು ಎಂದು ತಿಳಿಸಿ ಹೇಳುವಷ್ಟರಲ್ಲಿ ಡೊಂಬಿವಲಿ ಬಂತು. ಆ ಗೃಹಸ್ಥನ ಕಾಲು ಹಿಡಿಯುವುದೊಂದು ಬಾಕಿ!

ಚಪ್ಪಲಿಯನ್ನೂ ಬಿಡದೆ ಮಾಮಾ ಅಡುಗೆಮನೆಗೆ ನುಗ್ಗಿದ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅಕ್ಕಾ, ಕೇಳಿಲ್ಲಿ! ಚಾಳಿನಾಗ ಒಂದು ಮನಿಗೆ ಕೀಲಿ ಹಾಕೇದ. ಆ ಮನ್ಯಾಗ ದಿನಾ ಎಷ್ಟು ರೊಟ್ಟಿ ಮಾಡ್ತಾರ? ಆಚೀಚೆ ಮನಿಯವರನ್ನ ಕೇಳಿ ಅಂದಾಜು ಮಾಡ್ತೀನಿ. ಮನಿ ಹೆಚ್ಚಾದಂಗ ಅಂದಾಜು ಖರೇಕ್ಕ ಹತ್ತಿರ ಬರ್ತದ. ಅದನ್ನ ಸಿದ್ಧ ಮಾಡೀನಿ!"

ಅವ್ವ ರೊಟ್ಟಿ ತಿರುವಿ ಹಾಕಿದಳು. "ಅಲ್ಲೋ ತಮ್ಮಾ, ಕಡೀ ಮನಿಗೆ ಒಂದ ಕಡೆ ನೆರೆ. ಅಲ್ಲಿ ನಿನ್ನ ಅಂದಾಜು ವಾರೆ ಆಗಂಗಿಲ್ಲೇನು?"

ಮಾಮಾ ಕೂತುಬಿಟ್ಟ. ಅಂದು ಊಟ ಮಾಡಲಿಲ್ಲ. ಆ ಕಡೇ ಮನೆಯ ತೊಡಕು ಬಿಡಿಸಲು ಅವನಿಗೆ ಮತ್ತೆ ಎಂಟು ತಿಂಗಳು ಹಿಡಿಯಿತು!

ಕೊನೆಗೆ ಲೇಖನ ಅಚ್ಚಾಗಿ ಬಂತು. ಮಾಮಾ ಅದನ್ನು ಅವ್ವನ ಕೈಯಲ್ಲಿಟ್ಟು ಹೊರಗೆ ಹೋದ. ಕೊನೆಯ ಪುಟದ ಇಂಗ್ಲಿಷ್ ಸಾಲನ್ನು ನಾನು ಅವಳಿಗೆ ಕನ್ನಡದಲ್ಲಿ ಓದಿ ಹೇಳಿದೆ: "ತಪ್ಪು ತೋರಿಸಿಕೊಟ್ಟ ನನ್ನ ಅಕ್ಕನಿಗೆ ಈ ಲೇಖನ ಋಣಿ. ಕೂಸಾಗಿದ್ದ ನನ್ನನ್ನು ಎತ್ತಿಕೊಳ್ಳಲೆಂದು ಅವಳನ್ನು ನಾಲ್ಕನೆಯ ಇಯತ್ತೆಗೇ ಶಾಲೆ ಬಿಡಿಸಿದ್ದರು."

ಅವ್ವ ಆ ಮಾತನ್ನು ನಮ್ಮ ಯಾರ ಮುಂದೆಯೂ ಎಂದೂ ಆಡಿರಲಿಲ್ಲ.

"ಇದನ್ನ ಅವಗ ಯಾರ ಹೇಳಿದ್ರು?" ಎಂದು ಮೆಲ್ಲಗೆ ಕೇಳಿದಳು.