ಎರಡನೇ ಭಾಗದ ದೆವ್ವ

"ಕುರಿನೂ ಮೂಸಂಗಿಲ್ಲ ಈ ಪುಂಡಿಪಲ್ಯ!" ಮೊಗಲಪ್ಪ ತಾಟು ತಳ್ಳಿದ.

"ಕುರಿ ಮುಂದ ಹಾಕ್ರಿ, ತಿಂದು ಸುಮ್ಮನಿರ್ತದ. ನಿಮ್ಮಂಗ ಬೈಯಂಗಿಲ್ಲ. ನಾ ದೌಲತಾಬಾದಿಗಿ ಹೋಗ್ತೀನಿ, ನಮ್ಮಣ್ಣನ ಮನಿಗಿ."

"ಹೋಗು! ಯಾರು ಹಿಡದಾರ?"

ಹೆಂಡತಿ ಸಾಬಮ್ಮ ಹೊರಟೇಬಿಟ್ಟಳು. ಮೊಗಲಪ್ಪ ಗಾಬರಿಯಾಗಲಿಲ್ಲ. ಮೂರು ವರ್ಷದ ಹಿಂದೆ ಒಂದು ದೆವ್ವದ ಸಿನಿಮಾ ನೋಡಿದ ಮೇಲೆ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಅದು ಒಂಟಿ ಹೆಂಗಸರ ಬೆನ್ನು ಹತ್ತುವ ದೆವ್ವ. ಜಗಳವಾದಾಗಲೆಲ್ಲ ಓಣಿಯ ತಿರುವಿನ ತನಕ ಹೋಗಿ, ಹಿಂದೆ ಮುಂದೆ ನೋಡಿ, ವಾಪಸು ಬಂದು ಒಲೆ ಹಚ್ಚುತ್ತಿದ್ದಳು. ಮೊಗಲಪ್ಪನ ಸಂಸಾರ ಕಾಯುತ್ತಿದ್ದದ್ದು ಆ ದೆವ್ವ. ಅವನ ನಾಲಿಗೆ ಕೇಳಿದ ಬೇರೆ ಯಾರೂ ಆ ಕಾವಲಿಗೆ ಒಪ್ಪುತ್ತಿರಲಿಲ್ಲ.

ಇವತ್ತು ಅವಳು ತಿರುವು ದಾಟಿದಳು. ಕಿರಾಣಿ ಅಂಗಡಿ ಮುಟ್ಟಿ ಆಮೇಲೆ ತಿರುಗಿ ಬಂದಳು. ಅಷ್ಟು ಹೊತ್ತಿನಲ್ಲಿ ಮೊಗಲಪ್ಪನಿಗೆ ತನ್ನ ಮನೆ ಎಷ್ಟು ದೊಡ್ಡದೆಂದು ಮೊದಲ ಸಲ ಕಂಡಿತು. ಇದ್ದದ್ದು ಎರಡೇ ಕೋಣೆ.

"ಅಂಜಿಕಿ ಕಮ್ಮಿ ಆಗ್ಯಾದ ತಮ್ಮಾ," ಎಂದಳು ಪಕ್ಕದ ಮನೆಯ ಸುಂದರಬಾಯಿ. "ಮುಂದಿನ ಸಲ ಬಸ್ ಹತ್ತತಾಳ ನೋಡು."

"ಏನ್ ಮಾಡ್ಲಿ ಅಕ್ಕಾ?"

"ಅದೇ ಸಿನಿಮಾದ ಎರಡನೇ ಭಾಗ ಬಂದದಲ್ಲ, ಮ್ಯಾಟಿನಿಗಿ ಕರ್ಕೊಂಡು ಹೋಗು. ಇನ್ನೊಂದು ಡೋಸ್ ಬೀಳ್ಲಿ."

ಉಪಾಯ ಹೇಳಿದವಳು ಸುಮ್ಮನಿರಲಿಲ್ಲ. ಕುರಿ ಕಾಯುವ ಅರ್ಧ ಓಣಿಯನ್ನೇ ತಾಂಡೂರಿನ ಟಾಕೀಸಿಗೆ ಎಬ್ಬಿಸಿಕೊಂಡು ಬಂದಳು.

ದೀಪ ಆರಿದೊಡನೆ ಸಾಬಮ್ಮ ಗಂಡನ ಕೈ ಗಟ್ಟಿಯಾಗಿ ಹಿಡಿದಳು. ಮೊಗಲಪ್ಪನಿಗೆ ಹೊಸದಾಗಿ ಮದುವೆಯಾದಷ್ಟು ಖುಷಿ. ಆದರೆ ಸಿನಿಮಾ ತೆಗೆದವರ ಬುದ್ಧಿಗೆ ಏನಾಗಿತ್ತೋ, ಈ ಸಲ ದೆವ್ವವನ್ನು ಒಂದು ಕುರಿಯ ಮೈಯಲ್ಲಿ ಹೊಗಿಸಿದ್ದರು. ಕುರಿ ತಲೆ ವಾರೆ ಮಾಡಿ ಗಾಣದೆತ್ತಿನಂತೆ ನಿಂತಲ್ಲೇ ಸುತ್ತಿತು. ಭಯಂಕರ ನಗಾರಿ ಬಡಿಯಿತು.

"ಏ, ಇದಕ್ಕ ತಲಿ ತಿರುಗೋ ಬ್ಯಾನಿ ಬಂದದ!" ಮುಂದಿನ ಸಾಲಿನಿಂದ ಮುದುಕ ಬಂಡೆಪ್ಪ ಕೂಗಿದ.

"ಹಿಂಡಿನಿಂದ ಬ್ಯಾರೆ ಕಟ್ರೋ!"

ತೆರೆಯ ಮೇಲಿನ ಮಂತ್ರವಾದಿ ನಿಂಬೆಹಣ್ಣು ಕೊಯ್ದ. "ನಿಂಬಿಕಾಯಿ ಬ್ಯಾಡೋ, ದನದ ಡಾಕ್ಟರಿಗಿ ಕರಿ!" ಎಂದಿತು ಹಿಂದಿನ ಸಾಲು.

ಟಾಕೀಸು ಬಿದ್ದು ಬಿದ್ದು ನಕ್ಕಿತು. ಹೆದರಿಕೆ ಹುಟ್ಟಿಸಲು ಮೊಗಲಪ್ಪ ತಾನೇ "ಅಯ್ಯಯ್ಯೋ!" ಎಂದು ಚೀರಿದ.

"ಮೊಗಲಪ್ಪ ಅಂಜ್ಯಾನ! ಯಾರರೆ ನೀರು ಕುಡಸ್ರಿ!"

ಸಾಬಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಣ್ಣೊರೆಸಲು ಬಿಟ್ಟ ಕೈ ಮತ್ತೆ ಗಂಡನ ಕಡೆ ಬರಲಿಲ್ಲ. ನಗು ನಿಂತ ಮೇಲೆ ಗಂಡನ ಕಡೆ ತಿರುಗಿದಳು.

"ರೀ, ಹೋದ ಸಲದ್ದು ಇದೇ ದೆವ್ವ ಏನ್ರಿ?"

"ಇದೇ. ಭಾಳ ಕೆಟ್ಟದ್ದು. ಕಣ್ಣು ನೋಡು ಅದರ್ದು."

"ಇದಕ್ಕ ಅಂಜಿ ನಾ ಮೂರು ವರ್ಷ ಕುಂತೆ?"

ಸೆರಗು ಸರಿಮಾಡಿಕೊಂಡು ಎದ್ದಳು.

"ಎಲ್ಲಿಗಿ?"

"ನೀವು ಪೂರಾ ನೋಡ್ರಿ."

ಮಿರ್ಚಿ ಭಜಿ ತರಲು ಹೋದಳೆಂದು ಮೊಗಲಪ್ಪ ಅವಳ ಸೀಟಿನ ಮೇಲೆ ಟವೆಲ್ ಹಾಸಿದ. ಯಾರೋ ಬಂದು ಖಾಲಿಯೇ ಎಂದು ಕೇಳಿದಾಗ "ಮಂದಿ ಅದಾರ!" ಎಂದು ಟವೆಲಿನ ಮೇಲೆ ಕೈ ಊರಿ ಗದರಿಸಿ ಕಳಿಸಿದ.

ಸಿನಿಮಾ ಮುಗಿದು ದೀಪ ಹತ್ತಿತು. ನೀರಿಗೆಂದು ಹೊರಗೆ ಹೋಗಿದ್ದ ಸುಂದರಬಾಯಿ ಬಂದು ಎದುರಿಗೆ ನಿಂತಳು.

"ತಮ್ಮಾ, ಆಕಿ ದೌಲತಾಬಾದ್ ಬಸ್ ಹತ್ತಿದ್ದು ನಾನೇ ನೋಡ್ದೆ. ಒಬ್ಬಾಕಿನೇ ಹೋದ್ಳು."

ಮೊಗಲಪ್ಪ ಟವೆಲಿನ ಮೇಲಿಂದ ಕೈ ತೆಗೆಯಲಿಲ್ಲ.