ಗಿರಿಜಕ್ಕನ ಡ್ರೋನಿಗೆ ನನ್ನ ಅಂಕಪಟ್ಟಿ

ಬಾಯಲ್ಲಿ ಹೇಳಿದ್ದನ್ನು ನಂಬುವ ಜನ ಇರುವವರೆಗೆ ಬದುಕು ಸುಲಭ. ಕಾಗದ ತೋರಿಸು ಅನ್ನುವವರು ಬಂದ ದಿನ ತೊಂದರೆ ಶುರು. ನಾನು ಸುಳ್ಳು ಹೇಳುವವನಲ್ಲ. ಇದ್ದದ್ದನ್ನು ಸ್ವಲ್ಪ ಎಳೆದು ದೊಡ್ಡದು ಮಾಡುತ್ತೇನೆ, ಅಷ್ಟೆ. ನಮ್ಮ ಅಮ್ಮ ಎರಡು ಬಂಗುಡೆ ಮೀನಿನಲ್ಲಿ ಆರು ಜನಕ್ಕೆ ಸಾರು ಮಾಡುವುದಿಲ್ಲವೇ, ಹಾಗೆ. ಹತ್ತನೇ ಕ್ಲಾಸಿನಲ್ಲಿ ನನಗೆ ರಾಜ್ಯಕ್ಕೇ ರ‍್ಯಾಂಕು ಬರುವುದು ಎರಡು ಅಂಕದಲ್ಲಿ ತಪ್ಪಿಹೋಯಿತು ಅಂತ ನಾನು ಹೇಳಿದ್ದೂ ಈ ಸಾರಿನ ಜಾತಿಯದೇ. ಅದನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಲ್ಲ. ಉಪ್ಪುಂದದಿಂದ ಬ್ರಹ್ಮಾವರದವರೆಗೆ ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮಾತ್ರ. "ಅಷ್ಟ್ ಮಾರ್ಕ್ಸ್ ಬಂದವ ಕಾಮರ್ಸ್ ಎಂತಕ್ ತಕಂಡೆ?" ಅಂತ ಒಬ್ಬರು ಕೇಳಿದ್ದರು. ಉಳಿದ ಮಕ್ಕಳಿಗೆ ಸೈನ್ಸ್ ಸೀಟು ಸಿಗಲಿ ಅಂತ ಬಿಟ್ಟುಕೊಟ್ಟೆ ಎಂದೆ. ಅವರು ಬೈಂದೂರಿನ ಬಸ್ಸಿನಲ್ಲಿ ಎದ್ದುನಿಂತು ನನಗೆ ಕಿಟಕಿ ಪಕ್ಕದ ಸೀಟು ಕೊಟ್ಟರು.

ಎಳೆಯುವುದು ನನಗೆ ತಾಯಿ ಕಡೆಯಿಂದ ಬಂದದ್ದು. ನನ್ನ ಸೋದರಮಾವ ರಘು ಮುಂಬೈ ಹೋಟೆಲಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದು, ಬ್ರಹ್ಮಾವರದ ಹತ್ತಿರ ಒಂದು ಹಳೆಯ ಹಂಚಿನ ಕಾರ್ಖಾನೆಯ ಅಂಗಳದಲ್ಲಿ ಡ್ರೋನ್ ಶಾಲೆ ಮಾಡಿದ್ದಾರೆ. ಗದ್ದೆಗೆ ಔಷಧಿ ಹೊಡೆಯುವ ಡ್ರೋನನ್ನು ಹಾರಿಸಲು ಅಲ್ಲಿ ಕಲಿಸುತ್ತಾರೆ. ಬೋರ್ಡಿನಲ್ಲಿ ಮಾತ್ರ 'ವಿಮಾನಯಾನ ತರಬೇತಿ ಕೇಂದ್ರ' ಅಂತಿದೆ. ಮಾವನಿಗೂ ಒಂದು ರ‍್ಯಾಂಕಿನ ಕಥೆ ಇದೆ. ಹತ್ತನೇ ಕ್ಲಾಸಿನ ಗಣಿತದಲ್ಲಿ ಅವರಿಗೆ ನೂರಕ್ಕೆ ನೂರು. ನಾನು ಊಟಕ್ಕೆ ಕೂತಾಗ ಮೊದಲು ಅನ್ನ ಬರುತ್ತದೆ, ಆಮೇಲೆ ಈ ನೂರು ಬರುತ್ತದೆ, ಆಮೇಲೆ ಸಾರು.

ರಜೆಯಲ್ಲಿ ನಾನು ಅಲ್ಲಿ ಕೆಲಸಕ್ಕಿದ್ದೆ. ನನಗಿನ್ನೂ ಹದಿನೇಳು, ಹದಿನೆಂಟಾಗದೆ ಡ್ರೋನ್ ಮುಟ್ಟುವ ಹಾಗಿಲ್ಲ. ಹಾಗಾಗಿ ಶಾಲೆಯ ಸಾಫ್ಟ್‌ವೇರ್ ನನ್ನ ಪಾಲಿಗೆ ಬಂತು. ಯಾರು ಕಲಿಯುವವರು, ಯಾರು ಕಲಿಸುವವರು, ಯಾರ ಯಾವ ಸರ್ಟಿಫಿಕೇಟು ಬಂದಿದೆ, ಯಾರದ್ದು ಬಾಕಿ ಎಲ್ಲ ಅದರಲ್ಲಿರುತ್ತದೆ. ಕಾಗದ ಸರಿ ಇದ್ದರೆ ಹೆಸರಿನ ಮುಂದೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಅದರ ಒಳಗೆ ಹೋಗಿ ಬದಲಾವಣೆ ಮಾಡುವ ಅಧಿಕಾರ ಇಬ್ಬರಿಗೆ ಮಾತ್ರ: ಮಾವನಿಗೆ, ನನಗೆ. ಶಾಲೆಯ ಶಿಕ್ಷಕಿ ಶ್ವೇತಾ ಮೇಡಂಗೆ ಫೋನಿಗೆ ಬಂದ ಕಾಗದ ಪರೀಕ್ಷಿಸಿ ಒಪ್ಪುವ ಕೆಲಸವಷ್ಟೇ, ಅದಕ್ಕೆ ಒಳಗೆ ಹೋಗಬೇಕಿಲ್ಲ. "ಅವ್ರಿಗೂ ಪಾಸ್‌ವರ್ಡ್ ಕೊಡುವ, ಮಾವ" ಎಂದರೆ ಮಾವ, "ಬ್ಯಾಡ ಮಾರಾಯ, ಬೀಗದ ಕೈ ಮನೆಯವ್ರ ಹತ್ರವೇ ಇರ್ಲಿ" ಎಂದರು. ಮುಂಬೈ ಹೋಟೆಲಿನ ಗಲ್ಲಾಪೆಟ್ಟಿಗೆಯ ನಿಯಮ ಅದು. ನನಗೂ ಹಿತವಾಗಿತ್ತು. ಅವತ್ತಿನಿಂದ ಬಸ್ಸಿನಲ್ಲಿ ನಾನು 'ಏವಿಯೇಷನ್ ಅಡ್ಮಿನ್' ಆದೆ. ಸಂಖ್ಯೆ ದೊಡ್ಡದು ಕಾಣಲಿ ಅಂತ ನನ್ನ ಜೊತೆ ಅಡುಗೆಯ ಸುಬ್ಬಣ್ಣನನ್ನೂ ಕಲಿಸುವವರ ಪಟ್ಟಿಗೆ ಸೇರಿಸಿದೆ.

ಗುರುವಾರ ಸಂಜೆ ಮಾವ ಒಂದು ಕೆಲಸ ಹೇಳಿದರು. "ಇಕಾಣ್, ಕಲಿಯುವವ್ರಿಗೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಕಡ್ಡಾಯ. ಕಲ್ಸುವವ್ರಿಗೆ ಕಲ್ಸು ಸರ್ಟಿಫಿಕೇಟ್ ಕಡ್ಡಾಯ. ಇಷ್ಟೇ. ಎರಡ್ ಸಲ ಕಂಡ್ ಒತ್ತ್."

"ನಂಗೆ ಹೇಳ್ಕೊಡ್ಕಾ ಮಾವ?" ಎಂದೆ. ಆಗ ನಾನು ಫೋನಿನಲ್ಲಿ ಗೆಳೆಯನಿಗೆ ಏವಿಯೇಷನ್ ಕ್ಷೇತ್ರದ ಒತ್ತಡಗಳನ್ನು ವಿವರಿಸುತ್ತಿದ್ದೆ. ಕಿವಿಗೂ ಭುಜಕ್ಕೂ ನಡುವೆ ಫೋನು, ಕೈಯಲ್ಲಿ ಮೌಸು. ಎರಡು ಸರ್ಟಿಫಿಕೇಟು, ಎರಡು ಗುಂಪು. ಒಂದನ್ನು ಇಲ್ಲಿ ಹಾಕಿದೆ, ಇನ್ನೊಂದನ್ನು ಅಲ್ಲಿ. 'ಕಾಗದ ಬರುವವರೆಗೆ ಪ್ರವೇಶವಿಲ್ಲ' ಅನ್ನುವ ಚೌಕಕ್ಕೂ ಗುರುತು ಹಾಕಿದೆ. ಅದನ್ನು ಮಾವ ಹೇಳಿರಲಿಲ್ಲ, ಶಿಸ್ತು ಇರಲಿ ಅಂತ ನಾನೇ ಸೇರಿಸಿದ್ದು.

ಶುಕ್ರವಾರ ಬೆಳಿಗ್ಗೆ ಮೊದಲು ಬಂದವರು ಸುಬ್ಬಣ್ಣ. "ಹ್ವಾಯ್, ನನ್ನ ಫೋನಿಗೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಹಾಕಿ ಅಂದೇಳಿ ಬಂದಿತ್ತ್. ನಾನ್ ಓದಿದ್ ಮೂರನೇ ಕ್ಲಾಸ್. ಈಗ ಅವಲಕ್ಕಿ ಕಲ್ಸೂದಾ, ಬ್ಯಾಡ್ದಾ?"

ಅವರ ಹಿಂದೆಯೇ ಗಿರಿಜಕ್ಕ ಬಂದರು. ಬಿಜೂರಿನವರು, ಗದ್ದೆ ಕೆಲಸದವರು, ವಯಸ್ಸು ನಲವತ್ತರ ಹತ್ತಿರ. ಊರಿನ ಹೆಂಗಸರ ಸಂಘಕ್ಕೆ ಒಂದು ಡ್ರೋನ್ ಮಂಜೂರಾಗಿದೆ, ಅದನ್ನು ಹಾರಿಸಲು ಸಂಘ ಇವರನ್ನೇ ಆರಿಸಿದೆ. ಬ್ಯಾಟರಿ ಲೆಕ್ಕ ಅವರಿಗೆ ಕಷ್ಟ. ರ‍್ಯಾಂಕಿನ ಹುಡುಗ ಎಂಬ ನಂಬಿಕೆಯಲ್ಲಿ ನನ್ನ ಹತ್ತಿರ ಹೇಳಿಸಿಕೊಳ್ಳುತ್ತಿದ್ದರು. ನಾನು ಪುಸ್ತಕದ ಕೊನೆಯ ಪುಟದ ಉತ್ತರ ಮೊದಲೇ ನೋಡಿಟ್ಟುಕೊಂಡು ಹೇಳಿಕೊಡುತ್ತಿದ್ದೆ. ಪ್ರತಿಯಾಗಿ ಹಲಸಿನ ಹಣ್ಣಿನ ಕಡುಬು ತಂದುಕೊಡುತ್ತಿದ್ದರು.

"ಮಾಣಿ, ಕಲ್ಸುವವ್ರ ಸರ್ಟಿಫಿಕೇಟ್ ಕೊಡಿ ಅಂತಿತ್ತಲೆ ಇದ್? ನಾನೇ ಇನ್ನೂ ಕಲಿತಾ ಇದ್ದೆ. ನಾಳಿನ ಪರೀಕ್ಷೆ ಪಟ್ಟಿಯಲ್ಲಿ ನನ್ನ ಹೆಸ್ರೂ ಕಾಂತಿಲ್ಲೆ."

ಆಗ ನನಗೆ ಗೊತ್ತಾಯಿತು. ಎರಡನ್ನೂ ಅದಲುಬದಲು ಮಾಡಿದ್ದೆ. ಕಲಿಯುವವರ ಹತ್ತಿರ ಕಲಿಸುವ ಸರ್ಟಿಫಿಕೇಟು ಕೇಳಿದ್ದೆ, ನಮ್ಮ ಸಿಬ್ಬಂದಿಯ ಹತ್ತಿರ ಹತ್ತನೇ ಕ್ಲಾಸಿನ ಅಂಕಪಟ್ಟಿ. ಸೇರುವಾಗಲೇ ಅಂಕಪಟ್ಟಿ ಕೊಟ್ಟಿದ್ದ ಕಲಿಯುವವರೆಲ್ಲ ಕೆಂಪಾಗಿ, ಪರೀಕ್ಷೆಯ ಪಟ್ಟಿಯಿಂದ ತಾವಾಗಿಯೇ ಉದುರಿಹೋಗಿದ್ದರು. ಆ ಪಟ್ಟಿ ಸಂಜೆ ಐದಕ್ಕೆ ಪರೀಕ್ಷಕರಿಗೆ ಹೋಗಬೇಕು. ತಪ್ಪಿದರೆ, ಮಳೆ ಹಿಡಿದ ಮೇಲೆ ಹಾರಾಟವಿಲ್ಲ, ಮುಂದಿನ ಪರೀಕ್ಷೆ ನವರಾತ್ರಿ ಹೊತ್ತಿಗೆ. ಉಳಿದವರು ಕಾದಾರು. ಗಿರಿಜಕ್ಕನ ಸಂಘಕ್ಕೆ ಮಾತ್ರ ಈ ತಿಂಗಳೊಳಗೆ ಸರ್ಟಿಫಿಕೇಟು ಸಿಗದಿದ್ದರೆ ಆ ಡ್ರೋನ್ ಕೆರಾಡಿಯ ಸಂಘಕ್ಕೆ ಹೋಗುತ್ತದೆ.

"ಎರಡ್ ನಿಮಿಷ ಅಕ್ಕಾ" ಎಂದು ಕಂಪ್ಯೂಟರ್ ಮುಂದೆ ಕೂತೆ. ಅದು ನನ್ನನ್ನು ಒಳಗೆ ಬಿಡಲಿಲ್ಲ. ನನ್ನ ಹೆಸರಿನ ಮುಂದೆಯೂ ಕೆಂಪು. ನಿಮ್ಮ ಹತ್ತನೇ ತರಗತಿಯ ಅಂಕಪಟ್ಟಿ ಸಲ್ಲಿಸಿ, ಆಮೇಲೆ ಒಳಗೆ ಬನ್ನಿ ಎಂದಿತು. ಶಿಸ್ತು ಇರಲಿ ಅಂತ ನಾನೇ ಹಾಕಿದ ಗುರುತು. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿದರೆ ಎರಡು ದಿನದಲ್ಲಿ ಉತ್ತರಿಸುತ್ತೇವೆ ಎಂದರು, ಬಹಳ ಮರ್ಯಾದೆಯಿಂದ.

ಮಾವನ ಹತ್ತಿರ ಓಡಿದೆ. "ಮಾವ, ನಿಮ್ಮ ಮಾರ್ಕ್ಸ್ ಕಾರ್ಡ್ ಹಾಕಿ, ಬಾಗಿಲ್ ತೆರಿತ್ತ್. ಹೆಂಗೂ ಗಣಿತಕ್ಕೆ ನೂರಕ್ಕೆ ನೂರ್ ಇತ್ತಲೆ."

ಮಾವ ಆಕಾಶ ನೋಡಿದರು. "ಅದ್ ಮುಂಬೈಯಲ್ಲಿ ಇತ್ತ್ ಮಾರಾಯ. ಟ್ರಂಕಲ್ಲಿ. ನೀನೇ ಹಾಕ್ ಕಾಂಬ, ನೀನ್ ರ‍್ಯಾಂಕಿನವ ಅಲ್ದಾ?"

"ನಂದ್ ಫ್ರೇಮ್ ಹಾಕ್ಸುಕ್ ಕೊಟ್ಟಿದ್ದೆ ಮಾವ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಒಂದೇ ರಕ್ತ. ಮಾವ ಅಂಗಳದಲ್ಲಿ ಗಾಳಿ ಯಾವ ಕಡೆ ಬೀಸುತ್ತಿದೆ ಅಂತ ನೋಡಿಬರಲು ಹೋದರು. ಎಲೆ ಅಲುಗುತ್ತಿರಲಿಲ್ಲ.

ನಾನು ಒಂದು ಉಪಾಯ ಮಾಡಿದೆ. ಒಂದನೇ ಕ್ಲಾಸಿನ ಛದ್ಮವೇಷ ಸ್ಪರ್ಧೆಯಲ್ಲಿ ಸಿಕ್ಕಿದ ಪ್ರಶಸ್ತಿಪತ್ರದ ಫೋಟೊ ಫೋನಿನಲ್ಲಿತ್ತು. ಅದೂ ಸರ್ಟಿಫಿಕೇಟೇ ತಾನೆ? ಅದನ್ನು ಹಾಕಿದೆ. ಎರಡು ನಿಮಿಷದಲ್ಲಿ ಶ್ವೇತಾ ಮೇಡಂ ತಿರಸ್ಕರಿಸಿದರು. ಕಾರಣದ ಜಾಗದಲ್ಲಿ ಬರೆದಿದ್ದರು: 'ಅಭ್ಯರ್ಥಿ ಬದನೆಕಾಯಿ ವೇಷದಲ್ಲಿದ್ದಾರೆ.'

ಅವರ ಹತ್ತಿರವೇ ಹೋಗಿ ಗೋಗರೆದೆ. ಅವರು ಡ್ರೋನಿನ ರೆಕ್ಕೆ ಒರೆಸುತ್ತಾ ತಲೆಯೆತ್ತದೆ ಹೇಳಿದರು. "ಇದ್ ಹಾರ್ಸು ಕೆಲ್ಸ ಕಾಣ್. ಒಂದ್ ಸುಳ್ಳ್ ಕಾಗ್ದ ಒಳಗೆ ಬಿಟ್ರೆ, ನಾಳೆ ಯಾರ ತಲೆ ಮೇಲೆ ಎಂತ ಬೀಳತ್ತ್ ಹೇಳುಕಾತಿಲ್ಲೆ. ನಿನ್ನ ಅಂಕಪಟ್ಟಿ ಹಾಕು, ನಾನ್ ಕೂಡ್ಲೇ ಒಪ್ತೆ. ಅಷ್ಟ್ ಒಳ್ಳೆ ಮಾರ್ಕ್ಸ್ ಇಪ್ಪವನಿಗೆ ಎಂತ ಹೆದ್ರಿಕೆ?"

ಗಂಟೆ ನಾಲ್ಕಾಯಿತು. ಗಿರಿಜಕ್ಕ ಜಗಲಿಯ ಕಟ್ಟೆ ಮೇಲೆ ಕೂತಿದ್ದರು. ಬೈದಿದ್ದರೆ ಸುಲಭವಾಗುತ್ತಿತ್ತು, ಬೈಯಲಿಲ್ಲ. ಚೀಲದಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಕಾಗದ ತೆಗೆದರು.

"ನನ್ನ ಮಾರ್ಕ್ಸ್ ಕಾರ್ಡ್ ಬೇಕಾರೆ ಹಾಕ್ ಮಾಣಿ, ಅದಾದ್ರೂ ಉಪಯೋಗ ಆತ್ತಾ? ಸಣ್ಣಕಿಪ್ಪತ್ತಿಗೆ, ಶಾಲೆಗೆ ಹೋಪ ಕಾಲಕ್ಕೆ, ಎರಡ್ ಸಲ ಫೇಲ್ ಆಯಿ ಬಿಟ್ಟಿದ್ದೆ. ಈ ಡ್ರೋನಿಗೆ ಅಂದೇಳಿ ಮಗಳ ಸಂಗ್ತಿಗೆ ಕೂಕಂಡ್ ಓದಿ, ಹೋದ್ವರ್ಷ ಬರ್ದೆ. ಗಣಿತಕ್ಕೆ ಮೂವತ್ತಾರ್." ಆ ಮೂವತ್ತಾರರ ಮೇಲೆ ಬೆರಳಿಟ್ಟು ತೋರಿಸಿದರು. "ಮಗಳ್ ಊರಿಡೀ ತೋರ್ಸ್ಕಂಡ್ ಬಂದಿತ್ತ್."

ನಾನು ಆ ಕಾಗದವನ್ನು ನೋಡಿದೆ. ನನ್ನದಕ್ಕಿಂತ ಒಂದು ಅಂಕ ಜಾಸ್ತಿ.

ಹೌದು, ಈಗ ಹೇಳಿಯೇ ಬಿಡುತ್ತೇನೆ. ನನ್ನ ಅಂಕಪಟ್ಟಿ ಫೋನಿನಲ್ಲೇ ಇತ್ತು, 'ಇತಿಹಾಸ ನೋಟ್ಸ್' ಎಂಬ ಫೋಲ್ಡರಿನಲ್ಲಿ. ಅಲ್ಲಿಗೆ ಯಾರೂ ಹೋಗುವುದಿಲ್ಲ, ನಾನೂ ಹೋಗುವುದಿಲ್ಲ. ಗಣಿತ ಮೂವತ್ತೈದು. ಅದೂ ಮೊದಲ ಸಲಕ್ಕೆ ಬಂದದ್ದಲ್ಲ, ಎರಡನೇ ಸಲದ್ದು. ಕಟ್ಟೆಯ ಮೇಲೆ ಅವರ ಪಕ್ಕ ಕೂತು, ಒಂದು ಕಣ್ಣು ಮುಚ್ಚಿ, ಅದನ್ನು ಹಾಕಿದೆ. ಶ್ವೇತಾ ಮೇಡಂ ಒಪ್ಪಿದರು. ಕಾರಣದ ಜಾಗ ಖಾಲಿ ಬಿಟ್ಟಿದ್ದರು, ಅದು ಅವರ ದೊಡ್ಡತನ. ಕೆಂಪು ಹಸಿರಾಯಿತು. ಒಳಗೆ ನುಗ್ಗಿ, ಶಿಸ್ತಿನ ಆ ಗುರುತನ್ನು ಅಳಿಸಿ, ಎರಡು ಸರ್ಟಿಫಿಕೇಟುಗಳನ್ನೂ ತಮ್ಮತಮ್ಮ ಗುಂಪಿಗೆ ಕಳಿಸಿದೆ, ಈ ಸಲ ಎರಡಲ್ಲ, ನಾಲ್ಕು ಸಲ ನೋಡಿ ಒತ್ತಿದೆ. ಐದಕ್ಕೆ ಹತ್ತು ನಿಮಿಷ ಇರುವಾಗ ಗಿರಿಜಕ್ಕನ ಹೆಸರು ಪಟ್ಟಿಗೆ ಮರಳಿ ಬಂತು.

ನಾನು ಉಸಿರು ಬಿಡುವಷ್ಟರಲ್ಲಿ ಅಂಗಳದಲ್ಲಿ ಹದಿನಾಲ್ಕು ಫೋನು ಒಟ್ಟಿಗೆ ಟಿಣ್ ಎಂದವು. ಯಾರದೇ ಕಾಗದ ಒಪ್ಪಿಗೆಯಾದರೂ ಎಲ್ಲರಿಗೂ ತಿಳಿಸು, ಕಾಗದ ಸಮೇತ ಕಳಿಸು ಅಂತ ಆ ಸಾಫ್ಟ್‌ವೇರಿಗೆ ಮೊದಲ ವಾರವೇ ಹೇಳಿಟ್ಟವನೂ ನಾನೇ. ಪಾರದರ್ಶಕತೆ ಅಂತ ಆಗ ಭಾಷಣ ಮಾಡಿದ್ದೆ.

ಗಿರಿಜಕ್ಕ ಫೋನ್ ನೋಡಿದರು. ನನ್ನನ್ನು ನೋಡಿದರು. "ಅಯ್ಯೋ ಮಾಣಿ, ನಿನ್ನ ನಂಬ್ಕಂಡ್ ನಾನ್ ಬ್ಯಾಟರಿ ಲೆಕ್ಕ ಕಲ್ತದ್ದಾ!" ಎಂದು ಕಟ್ಟೆ ಹಿಡಿದುಕೊಂಡು ನಕ್ಕರು. ಆ ಸಂಜೆ ಎರಡು ತಾಸು ಅವರೇ ಲೆಕ್ಕ ಮಾಡಿದರು, ನಾನು ಪಕ್ಕ ಕೂತು ಕಲಿತೆ. ಮರುದಿನ ಪರೀಕ್ಷೆಯಲ್ಲಿ ಅವರು ಡ್ರೋನನ್ನು ಎಂಟರ ಆಕಾರದಲ್ಲಿ ತಿರುಗಿಸಿ, ಹೊರಟ ಜಾಗದಲ್ಲೇ ಇಳಿಸಿದರು. ಪಾಸು. ಡ್ರೋನ್ ಈಗ ಬಿಜೂರಿನಲ್ಲೇ ಇದೆ.

ಮಾವ ನನ್ನ ಅಂಕಪಟ್ಟಿಯ ವಿಷಯ ಎತ್ತಲಿಲ್ಲ. ಅವತ್ತಿನಿಂದ ಅನ್ನ ಆದ ಕೂಡಲೇ ಸಾರು ಬರುತ್ತಿದೆ, ನಡುವೆ ನೂರು ಬರುತ್ತಿಲ್ಲ. ನಾನೂ ಮುಂಬೈಯ ಟ್ರಂಕಿನ ವಿಷಯ ಕೇಳಿಲ್ಲ.

ಇದನ್ನು ಬರೆದು ಶ್ವೇತಾ ಮೇಡಂಗೆ ತೋರಿಸಿದೆ. ಓದಿ, "ಹದಿನಾಲ್ಕ್ ಫೋನ್ ಅಂತ ಬರ್ದಿದ್ಯಲೆ, ಅವತ್ತ್ ಅಲ್ಲಿ ಇದ್ದದ್ದೇ ಆರ್ ಜನ. ಬಸ್ಸಲ್ಲಿ ಯಾರೂ ನಿಂಗೆ ಸೀಟ್ ಕೊಟ್ಟಿರೂದೂ ಸಂಶಯ" ಎಂದರು. ಇರಬಹುದು. ಅದಕ್ಕೆಲ್ಲ ನನ್ನ ಹತ್ತಿರ ಕಾಗದವಿಲ್ಲ. ಆದರೆ ಆ ಮೂವತ್ತೈದು ಮಾತ್ರ ಮೂವತ್ತೈದೇ. ಅದಕ್ಕೆ ಹಸಿರು ಗುರುತು ಬಿದ್ದಿದೆ.