ವೇದಿಕೆಗೊಬ್ಬ ಕ್ರೈಸ್ತ

ವೇದಿಕೆಯ ಮೇಲೆ ಒಬ್ಬ ಕ್ರೈಸ್ತನಾದರೂ ಇಲ್ಲದೆ ರಾಷ್ಟ್ರೀಯ ಐಕ್ಯವು ಸಿದ್ಧಿಸುವುದಿಲ್ಲವೆಂದು ಪುಣೆಯ ಕನ್ನಡಿಗರ ಸ್ವದೇಶಿ ಮಂಡಳಿಯು 1930ರಲ್ಲಿ ಸರ್ವಾನುಮತದಿಂದ ಠರಾವು ಮಾಡಿತು. ಹುಡುಕಲಾಗಿ, ಧಾರವಾಡದ ಕಡೆಯಿಂದ ಬಂದು ರವಿವಾರ ಪೇಟೆಯಲ್ಲಿ ಕಂಬಳಿ ಮಾರುತ್ತಿದ್ದ ಗೂಳಪ್ಪನು ಸಿಕ್ಕಿದನು. ಅಜ್ಜನ ಕಾಲದಿಂದ ಕ್ರೈಸ್ತರು. ತಾನೂ ಈ ನೆಲದವನೆಂದು ನಾಲ್ಕು ಜನ ಒಮ್ಮೆ ಒಪ್ಪಬೇಕೆಂಬುದು ಅವನ ಬಹುದಿನದ ಆಸೆ. ಹೆಂಡತಿ ನೂತ ನೂಲಿನ ಧೋತರ ಉಟ್ಟು, ರುಮಾಲು ಸುತ್ತಿ, ವಿದೇಶಿ ಬಟ್ಟೆ ಸುಡುವ ಸಭೆಗೆ ಎಲ್ಲರಿಗಿಂತ ಮೊದಲೇ ಬಂದ.

ಕಾರ್ಯದರ್ಶಿ ಪ್ರಲ್ಹಾದರಾಯರು ಅವನನ್ನು ನೋಡಿ ನೊಂದುಕೊಂಡರು.

"ಹಿಂಗ ಬಂದ್ರ ನೀವು ಕ್ರಿಶ್ಚನ್ ಅಂತ ಮಂದಿಗೆ ಹೆಂಗ ಗೊತ್ತಾಗಬೇಕ್ರಿ?"

"ನಾ ದಿನಾ ಹಿಂಗ ಇರ್ತೀನ್ರಿ, ರಾಯರ."

"ದಿನದ ಮಾತು ಬ್ಯಾರೆ. ಇದು ದೇಶದ ಮಾತು."

ಒಡನೆ ಉಪಠರಾವು ಹೊರಟಿತು: ವಿದೇಶಿ ಬಟ್ಟೆ ಸರ್ವಥಾ ತ್ಯಾಜ್ಯ, ಐಕ್ಯದ ನಿಮಿತ್ತ ಕ್ರೈಸ್ತನು ತೊಡುವುದನ್ನು ಬಿಟ್ಟು. ಸುಡಲು ಕೂಡಿಹಾಕಿದ್ದ ರಾಶಿಯಿಂದ ಒಂದು ಸೂಟು, ಒಂದು ಹ್ಯಾಟು ಹೆಕ್ಕಿ ಗೂಳಪ್ಪನಿಗೆ ತೊಡಿಸಿದರು. ಅವು ಪ್ರಲ್ಹಾದರಾಯರವೇ. ಅವು ಬೆಂಕಿಯಿಂದ ಉಳಿದುವೆಂದು ಅವರಿಗಾದ ಸಮಾಧಾನವನ್ನು ರಾಷ್ಟ್ರೀಯವೆಂದೇ ತಿಳಿಯಬೇಕು. ರಾಶಿ ಕಡಿಮೆ ಕಾಣಬಾರದೆಂದು ಗೂಳಪ್ಪನ ಧೋತರ, ರುಮಾಲುಗಳನ್ನು ಆ ಜಾಗದಲ್ಲಿಟ್ಟು ಬೆಂಕಿ ಹಚ್ಚಲಾಯಿತು.

"ಅವು ಖಾದಿ ಅದಾವ್ರೀ!" ಎಂದು ಅವನು ಕೂಗಿದ್ದು ಜಯಘೋಷದಲ್ಲಿ ಯಾರಿಗೂ ಕೇಳಿಸಲಿಲ್ಲ.

ಅಷ್ಟರಲ್ಲಿ ಪೊಲೀಸರು ಬಂದು ವೇದಿಕೆಯಲ್ಲಿದ್ದವರನ್ನೆಲ್ಲ ಹಿಡಿದರು. ಗೂಳಪ್ಪನೂ ಬೇಡಿಗೆ ಕೈ ಚಾಚಿದ. ಬೆಳಗಾವಿ ಕಡೆಯ ಹವಾಲ್ದಾರ ಅವನಿಗೆ ಸಲಾಮು ಹೊಡೆದ.

"ಬಾಜೂಕ ಸರೀರಿ ಸಾಹೇಬ್ರ. ಈ ಮಂದಿ ಭಾಳ ಕೆಟ್ಟವ್ರು."

"ನನ್ನೂ ಹಿಡೀರಿ, ನಾನೂ ಇವರ ಪೈಕೀನ ಅದೀನಿ!"

ಹವಾಲ್ದಾರ ನಕ್ಕು, ಸಾಹೇಬರನ್ನು ಟಾಂಗಾದಲ್ಲಿ ಕೂರಿಸಿ ಮನೆಗೆ ಕಳಿಸಿದ. ಪಾಪ, ಗೂಳಪ್ಪ ದಾರಿಯುದ್ದಕ್ಕೂ ಅತ್ತ.

ಯೆರವಡಾ ಜೈಲಿನಿಂದ ಹಾರ ಹಾಕಿಸಿಕೊಂಡು ಹೊರಬಂದ ಮಂಡಳಿಯು ಮೊದಲ ಬೈಠಕ್ಕಿನಲ್ಲೇ ಖೇದದಿಂದ ದಾಖಲಿಸಿತು: ವೇದಿಕೆಯ ಮೇಲಿದ್ದವರಲ್ಲಿ ಜೈಲಿಗೆ ಹೋಗದವನು ಕ್ರೈಸ್ತನೊಬ್ಬನೇ, ಆದಕಾರಣ ಕ್ರೈಸ್ತರು ಇಂಗ್ಲಿಷರ ಪೈಕಿ ಎಂಬುದು ಅನುಭವಸಿದ್ಧ.

ಸೂಟು ಮರಳಿಸಲು ಬಂದಿದ್ದ ಗೂಳಪ್ಪ ಬಾಗಿಲಲ್ಲೇ ನಿಂತು ಕೇಳಿದ. "ನಾ ಕೈ ಚಾಚಿದ್ದೆನ್ರಿ."

"ಚಾಚಿರಬಹುದು," ಎಂದರು ಪ್ರಲ್ಹಾದರಾಯರು. "ಆದ್ರ ನಿಮ್ಮ ವೇಷ ಹೆಂಗಿತ್ತು, ನೀವ ಹೇಳ್ರಿ."

ಸಭೆ ತಲೆದೂಗಿತು. ಆದರೆ ಐಕ್ಯದ ಠರಾವು ರದ್ದಾಗಿರಲಿಲ್ಲವಾದ್ದರಿಂದ, ವಿದೇಶಿ ಬಟ್ಟೆಯ ಮುಂದಿನ ಹೋಳಿಗೂ ಗೂಳಪ್ಪನೇ ಬರತಕ್ಕದ್ದೆಂದೂ ಸೂಟನ್ನು ಇಸ್ತ್ರಿ ಮಾಡಿಸಿ ತರತಕ್ಕದ್ದೆಂದೂ ತೀರ್ಮಾನವಾಯಿತು.

ಮನೆಯಲ್ಲಿ ಹೆಂಡತಿ ಹೊಸ ರುಮಾಲಿಗೆ ನೂಲಲು ಕೂತಿದ್ದುದು ಗೂಳಪ್ಪನಿಗೆ ನೆನಪಾಯಿತು. ತಂದಿದ್ದ ಸೂಟನ್ನು ಮತ್ತೆ ಬಗಲಿಗೆ ಸೇರಿಸಿದ.

"ಆತ್ರಿ. ಈ ಸಲ ಮನೀಂದನ ಸೂಟು ಹಾಕ್ಕೊಂಡು ಬರ್ತೀನಿ. ರುಮಾಲಾದ್ರೂ ಉಳೀತದ."

ಮಂಡಳಿಯು ಚಪ್ಪಾಳೆ ತಟ್ಟಿತು.